ಪೋರ್ಟ್ ಆಗಸ್ಟಾಗೆ ಹೊರಟ ತಂಗಿಗೆ

ತಂಗಿ, ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಆಗಸ್ಟಾದಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಅಬೊರಿಜಿನಲ್ ಜನ, ಅಂದ್ರೆ ಇಲ್ಲಿನ ಮೂಲನಿವಾಸಿಗಳು, ಆಸ್ಪತ್ರೆ ಅಂದ್ರೆ ಯಾಕೆ ಹಿಂಜರೀತಾರೆ ಅಕ್ಕ ಅಂತ ಕೇಳಿದ್ದೀಯ. ಬಾಡಿಗೆ, ಅಕ್ಕಿ-ಬೇಳೆ ವಿಷಯ ಫೋನಲ್ಲಿ ಹೇಳ್ತೀನಿ. ಮೊದಲು ಒಬ್ಬ ನರ್ಸ್ ಕಥೆ ಕೇಳು.

ನೀನು ಹೋಗೋ ಊರಿಂದ ಸುಮಾರು 40 ಕಿಲೋಮೀಟರಿಗೆ ಕ್ವಾರ್ನ್ ಸಿಗುತ್ತೆ. ಲೊವಿಚಾ ಓಡೊನಹ್ಯೂ ಎರಡು ವರ್ಷದ ಮಗುವಾಗಿದ್ದಾಗಲೇ ತಾಯಿಯಿಂದ ಬೇರೆಯಾಗಿ ಅಲ್ಲಿನ ಕೋಲ್‌ಬ್ರೂಕ್ ಮನೆ ಸೇರಿದ್ರು. ಅದು ಕ್ರೈಸ್ತ ಮಿಷನ್ನವರು ಅಬೊರಿಜಿನಲ್ ಮಕ್ಕಳಿಗೆ ನಡೆಸ್ತಿದ್ದ ಮನೆ. ಹೆಸರೂ ಹೋಗಿ 'ಲೋಯಿಸ್' ಆಯ್ತು. ಮುಂದೆ ರಾಯಲ್ ಅಡಿಲೇಡ್ ಆಸ್ಪತ್ರೆಗೆ ತರಬೇತಿಗೆ ಹೋದ್ರೆ, ಅಬೊರಿಜಿನಲ್ ಅನ್ನೋ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ತನಕ ಹೋಗಿ ಹಟ ಹಿಡಿದ್ರು, 1954ರಲ್ಲಿ ಸೇರಿಸಿಕೊಂಡ್ರು. ಇಲ್ಲಿ ನರ್ಸ್ ನೋಂದಣಿ ತಡವಾಯ್ತು ಅಂತ ನಾವೆಲ್ಲ ಗೊಣಗ್ತೀವಿ, ಅವರು ಕಾದಿದ್ದು ತಮ್ಮದೇ ನೆಲದಲ್ಲಿ! 1960ರ ದಶಕದ ಆರಂಭದಲ್ಲಿ ನಮ್ಮ ಅಸ್ಸಾಮಿಗೂ ಬಂದು ಮಿಷನ್ ನರ್ಸ್ ಆಗಿ ದುಡಿದ್ರು.

ವಾಪಸ್ ಬಂದು ಕೂಬರ್ ಪೀಡಿ ಕಡೆ ಕೆಲಸ ಮಾಡ್ತಿದ್ದಾಗ, ಮೂವತ್ತು ವರ್ಷದ ಮೇಲೆ ತಾಯಿ ಲಿಲಿ ಊಡ್ನಡಾಟದಲ್ಲಿ ಸಿಕ್ಕರು. ಒಬ್ಬರ ಮಾತು ಒಬ್ಬರಿಗೆ ಅರ್ಥವಾಗದು. ಅದನ್ನ ನೆನೆದರೆ ಉಳಿದ ಬಿರುದು, ಪದವಿ ಎಲ್ಲ ನನಗೆ ಚಿಕ್ಕದಾಗಿ ಕಾಣುತ್ತೆ. 1984ರಲ್ಲಿ ಆಸ್ಟ್ರೇಲಿಯನ್ ಆಫ್ ದಿ ಇಯರ್, 1990ರಲ್ಲಿ ಮೂಲನಿವಾಸಿಗಳ ಅಟ್ಸಿಕ್ ಆಯೋಗದ ಮೊದಲ ಅಧ್ಯಕ್ಷೆ. ಅವರ ಹೆಸರಲ್ಲಿ ಆರೋಗ್ಯ ಸಂಶೋಧನಾ ಸಂಸ್ಥೆಯೂ ಇದೆ. 2024ರಲ್ಲಿ ತೀರಿಕೊಂಡ್ರು, 91 ವರ್ಷ.

ಸರ್ಕಾರದವರು, ಮಿಷನ್ನವರು ಬಂದ್ರೆ ಮಗು ಹೋಯ್ತು ಅನ್ನೋ ಭಯ ಕಂಡ ಮನೆಗಳು ಈ ಅಬೊರಿಜಿನಲ್ ಜನರವು. ಅದಕ್ಕೇ ತಮ್ಮ ಕ್ಲಿನಿಕ್ ತಾವೇ ನಡೆಸೋಕೆ ಶುರು ಮಾಡಿದ್ರು. ಮೊದಲನೆಯದು 1971ರಲ್ಲಿ, ಸಿಡ್ನಿಯ ರೆಡ್‌ಫರ್ನ್‌ನಲ್ಲಿ. ನಿಮ್ಮೂರಲ್ಲಿ ಪಿಕಾ ವಿಯಾ ಅನ್ನೋ ಅಂಥದೇ ಕ್ಲಿನಿಕ್ ಇದೆ. ಅಬೊರಿಜಿನಲ್ ಭಾಷೆಯಲ್ಲಿ ಪಿಕಾ ಅಂದ್ರೆ ಕಾಯಿಲೆ, ವಿಯಾ ಅಂದ್ರೆ ಇಲ್ಲ.

ನನ್ನ ಮೊದಲ ವಾರ, ಒಬ್ಬ ಅಬೊರಿಜಿನಲ್ ಅಜ್ಜಿಯ ತೋಳಿಗೆ ಕ್ಯಾನುಲಾ (ಡ್ರಿಪ್ ನಳಿಕೆ) ಹಾಕೋಕೆ ಹೋಗಿ ಸಾಲಾಗಿ ಪ್ರಶ್ನೆ ಕೇಳಿದೆ. ಅವರು ಗೋಡೆ ಕಡೆ ತಿರುಗಿಬಿಟ್ರು. ವಾರ್ಡಿನ ಅಬೊರಿಜಿನಲ್ ಲಿಯಾಸನ್ ಆಫೀಸರ್, ಅಂದ್ರೆ ಆ ರೋಗಿಗಳಿಗೂ ನಮಗೂ ನಡುವೆ ಕೊಂಡಿಯಾಗಿರೋರು, ನನ್ನ ಪಕ್ಕಕ್ಕೆ ಕರೆದು, ಸುಮ್ಮನೆ ಕೂತ್ಕೊ ಅಂದ್ರು. ಮಾರನೇ ದಿನ ಟ್ರೇ ಬದಿಗಿಟ್ಟು ಕೂತೆ. ಎಷ್ಟೋ ಹೊತ್ತಿಗೆ, ನಿನ್ನ ನೆಲ ಯಾವುದು ಅಂತ ಅವರೇ ಕೇಳಿದ್ರು. ತೀರ್ಥಹಳ್ಳಿ ಮಳೆ ಬಗ್ಗೆ ಹೇಳಿದೆ. ನಾಲ್ಕು ತಿಂಗಳು ಬಿಡದೆ ಸುರಿಯುತ್ತಾ ಅಂತ ನಕ್ಕು, ತೋಳು ಮುಂದೆ ಮಾಡಿದ್ರು.

ಅಂದ ಹಾಗೆ, ಹಿರಿಯ ಹೆಂಗಸರನ್ನ ಇಲ್ಲಿ 'ಆಂಟಿ' ಅಂತಾರೆ. ಬೆಂಗಳೂರಲ್ಲಿ ಹಾಗಂದ್ರೆ ಮುಖ ಸಿಂಡರಿಸ್ತಾರೆ, ಇಲ್ಲಿ ಅದು ದೊಡ್ಡ ಗೌರವ. ಆದ್ರೂ ಹಾಗೆ ಕರೀಬಹುದಾ ಅಂತ ಒಂದು ಸಲ ಕೇಳಿಬಿಡು.