ಹದಿನಾಲ್ಕು ನಿಯಮಗಳಲ್ಲಿ ಎರಡನ್ನು ಉಳಿಸಿಕೊಳ್ಳಿ

ಆತ್ಮೀಯರೇ,

‘ಫೇರೋ’ ಎಂಬ ಕಂಪ್ಯೂಟರ್ ಆಟದಲ್ಲಿ ನಿಮಗೆ ನೀವೇ ಕಟ್ಟುಪಾಡು ಹಾಕಿಕೊಂಡು ಪ್ರಾಚೀನ ಈಜಿಪ್ಟಿನ ನಗರವೊಂದನ್ನು ಕಟ್ಟುವ ಯೋಜನೆಯ ಕುರಿತು ರೋಣದಿಂದ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಬರುವುದಿಲ್ಲ. ಆದರೆ ವಿಷಯ ನನಗೆ ಬೇಕಾದದ್ದೇ ಆಗಿದೆ, ನಿಮಗೆ ಆಟದ ಮೇಲಿರುವ ಹಿಡಿತವೂ ಸಾಲುಸಾಲಿನಲ್ಲಿ ಕಾಣುತ್ತದೆ. ಆದ್ದರಿಂದ ‘ಸ್ವೀಕರಿಸಲಾಗಿಲ್ಲ’ ಎಂಬ ಒಂದು ಸಾಲಿನ ಉತ್ತರಕ್ಕೆ ಬದಲಾಗಿ ಕಾರಣಗಳನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಬರಹದಲ್ಲಿ ಹದಿನಾಲ್ಕು ನಿಯಮಗಳಿವೆ, ಒಂದೊಂದಕ್ಕೂ ಒಂದೆರಡು ಸಾಲಿನ ವಿವರಣೆಯಿದೆ, ಅಲ್ಲಿಗೆ ಲೇಖನ ಮುಗಿಯುತ್ತದೆ. ಈ ಆಟವನ್ನು ಎಂದೂ ಆಡದ ನಮ್ಮ ಓದುಗರಿಗೆ ಇವುಗಳಲ್ಲಿ ಯಾವುದು ಕಷ್ಟ, ಯಾವುದು ಸುಲಭ, ಒಂದನ್ನು ಪಾಲಿಸಿದರೆ ಇನ್ನೊಂದಕ್ಕೆ ಏನಾಗುತ್ತದೆ ಎಂಬುದು ತಿಳಿಯುವ ದಾರಿಯೇ ಇಲ್ಲ. ಸ್ವಯಂ ವಿಧಿಸಿಕೊಂಡ ನಿಯಮಕ್ಕೆ ಬೆಲೆ ಬರುವುದು ಅದು ಆಟಗಾರನ ಒಂದು ರೂಢಿಯ ದಾರಿಯನ್ನು ಮುಚ್ಚಿ, ಇನ್ನೊಂದನ್ನು ಹುಡುಕಲು ಅವನನ್ನು ದೂಡಿದಾಗ. ನೀವು ದಾರಿ ಮುಚ್ಚಿದ್ದನ್ನು ಹೇಳುತ್ತೀರಿ, ಹುಡುಕಾಟವನ್ನು ಹೇಳುವುದಿಲ್ಲ. ‘ನಗರದಲ್ಲಿ ಯಾರಿಗೂ ರೋಗ ಬರಬಾರದು’ ಎಂಬ ಆರನೆಯ ನಿಯಮವಂತೂ ನಿಯಮವೇ ಅಲ್ಲ, ಅದೊಂದು ಹಾರೈಕೆ. ಆಟಗಾರನ ಕೈಯಲ್ಲಿರುವ ಕೆಲಸವನ್ನು ಮಾತ್ರ ನಿಯಮ ತಡೆಯಬಲ್ಲದು.

ಇನ್ನು ಕೆಲವು ನಿಯಮಗಳು ಒಂದನ್ನೊಂದು ಕಡಿಯುತ್ತವೆ, ಅದು ನಿಮ್ಮ ಗಮನಕ್ಕೆ ಬಂದಂತಿಲ್ಲ. ಹೊರಗಿನಿಂದ ಏನನ್ನೂ ಕೊಳ್ಳಬಾರದು ಎನ್ನುತ್ತೀರಿ, ಮೆಟ್ಟಿಲು ಪಿರಮಿಡ್ ಕಟ್ಟಿ ಮುಗಿಸಬೇಕು ಎಂದೂ ಎನ್ನುತ್ತೀರಿ. ಕಲ್ಲಿನ ಪಿರಮಿಡ್‌ಗೆ ಬಡಗಿಗಳು ಬೇಕು, ಬಡಗಿಗಳಿಗೆ ಮರ ಬೇಕು, ನೀವು ಆಯ್ದುಕೊಂಡ ನಕ್ಷೆಯಲ್ಲಿ ಕಡಿಯಬಹುದಾದ ಮರವಿದೆಯೇ ಎಂಬುದನ್ನು ಲೇಖನ ಎಲ್ಲಿಯೂ ತಿಳಿಸುವುದಿಲ್ಲ. ನಿಜವಾದ ಈಜಿಪ್ಟಿಗೂ ಇದೇ ಕೊರತೆಯಿತ್ತು. ದೊಡ್ಡ ತೊಲೆಗಳಿಗಾಗಿ ಅದು ಲೆಬನಾನಿನ ದೇವದಾರುವನ್ನು ಸಮುದ್ರಮಾರ್ಗವಾಗಿ ತರಿಸಿಕೊಳ್ಳುತ್ತಿತ್ತು. ಹಾಗೆಯೇ ಎಲ್ಲ ಮನೆಗಳನ್ನೂ ಮೇನರ್ (ಸಿರಿವಂತರ ದೊಡ್ಡ ಮನೆ) ಮಟ್ಟಕ್ಕೆ ಏರಿಸುವೆನೆಂಬ ಸಂಕಲ್ಪ. ಆ ಮಟ್ಟಕ್ಕೇರಿದ ಮನೆಯವರು ಲಿಪಿಕಾರರಾಗುತ್ತಾರೆ, ತೆರಿಗೆ ಹೆಚ್ಚು ಕೊಡುತ್ತಾರೆ, ಆದರೆ ದುಡಿಯಲು ಬರುವುದಿಲ್ಲ. ಎಲ್ಲರೂ ಲಿಪಿಕಾರರಾದ ಊರಿನಲ್ಲಿ ನೀರು ಹೊರುವವರು ಯಾರು, ಬಜಾರ್ ನಡೆಸುವವರು ಯಾರು?

ನಿಮ್ಮ ಪಟ್ಟಿಯಲ್ಲಿ ನನಗೆ ಮೆಚ್ಚುಗೆಯಾದ ಎರಡು ನಿಯಮಗಳಿವೆ. ಒಂದು, ರೋಡ್‌ಬ್ಲಾಕ್ ಬಳಸಬಾರದು ಎಂಬುದು. ಪುರೋಹಿತ, ವೈದ್ಯ, ಬಜಾರಿನ ಮಾರಾಟಗಾರ್ತಿ ಮೊದಲಾದವರು ತಮ್ಮ ಕಟ್ಟಡದಿಂದ ಹೊರಟು ಕೂಡುದಾರಿ ಬಂದಲ್ಲೆಲ್ಲ ಮನಸ್ಸಿಗೆ ಬಂದ ಕಡೆ ತಿರುಗುತ್ತಾರೆ, ಅವರು ಹಾದುಹೋಗದ ಮನೆ ಹಿಂದೆ ಬೀಳುತ್ತದೆ. ರೋಡ್‌ಬ್ಲಾಕ್ ಇರುವುದು ಅವರನ್ನು ತಡೆದು, ಸರಕು ಹೊತ್ತವರನ್ನು ಮಾತ್ರ ಮುಂದೆ ಬಿಡಲಿಕ್ಕೆ. ಅದನ್ನು ಕೈಬಿಟ್ಟರೆ ಕವಲಿಲ್ಲದ ಒಂದೇ ಸುತ್ತುರಸ್ತೆಯ ಬಡಾವಣೆ ಕಟ್ಟಬೇಕಾಗುತ್ತದೆ, ಆಗ ಕಣಜ, ಕುಂಬಾರಿಕೆ, ಉಗ್ರಾಣಗಳನ್ನು ಆ ಸುತ್ತಿಗೆ ಎಲ್ಲಿ ಜೋಡಿಸುವುದೆಂಬ ನಿಜವಾದ ಸಮಸ್ಯೆ ಹುಟ್ಟುತ್ತದೆ. ಇದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು. ಒಂದು ಪುಟ ಕೊಡಿ.

ಎರಡನೆಯದು, ವರ್ಕ್ ಕ್ಯಾಂಪ್‌ಗಳನ್ನು ಎರಡಕ್ಕಿಂತ ಹೆಚ್ಚು ಕಟ್ಟಬಾರದು ಎಂಬ ಹನ್ನೊಂದನೆಯ ನಿಯಮ. ಇಡೀ ಲೇಖನ ನಿಲ್ಲಬೇಕಾದದ್ದು ಇದರ ಮೇಲೆ. ನದಿಯ ಪ್ರವಾಹದ ಬಯಲಿನ ಹೊಲಗಳಿಗೆ ಆಳುಗಳು ಬರುವುದು ಈ ಕ್ಯಾಂಪ್‌ಗಳಿಂದ. ಪಿರಮಿಡ್‌ನ ಕಲ್ಲನ್ನು ಜಾರುಬಂಡಿಯ ಮೇಲೆ ಎಳೆಯುವ ಆಳುಗಳು ಬರುವುದೂ ಇವುಗಳಿಂದಲೇ. ನೀರು ಏರಿದಾಗ ಹೊಲದಲ್ಲಿ ಕೆಲಸವಿಲ್ಲ, ಆಳುಗಳೆಲ್ಲ ಕಲ್ಲಿಗೆ ಸಿಗುತ್ತಾರೆ. ನೀರು ಇಳಿದೊಡನೆ ಹೊಲವೂ ಪಿರಮಿಡ್ಡೂ ಒಟ್ಟಿಗೆ ಕೈಚಾಚುತ್ತವೆ. ಹೊಲಕ್ಕೆ ಕಡಿಮೆ ಕಳಿಸಿದರೆ ವರ್ಷಕ್ಕೊಮ್ಮೆ ಬರುವ ಸುಗ್ಗಿ ಸೊರಗುತ್ತದೆ, ಆ ಸುಗ್ಗಿಯ ಧಾನ್ಯವೇ ಮುಂದಿನ ಪ್ರವಾಹದವರೆಗೆ ಊರಿನ ಹೊಟ್ಟೆ ತುಂಬಬೇಕು. ಕ್ಯಾಂಪ್ ಎಷ್ಟಾದರೂ ಕಟ್ಟಬಹುದಾದಾಗ ಈ ಜಗ್ಗಾಟ ಆಟಗಾರನಿಗೆ ಕಾಣುವುದೇ ಇಲ್ಲ. ಎರಡಕ್ಕೆ ನಿಲ್ಲಿಸಿದರೆ ಪ್ರತಿ ತಿಂಗಳೂ ಒಂದು ತೀರ್ಮಾನ ಬೇಕಾಗುತ್ತದೆ. ಆದ್ದರಿಂದ ನಿಮ್ಮ ಯೋಜನೆಯನ್ನು ನಿಯಮಗಳ ಕ್ರಮದಲ್ಲಿ ಬಿಟ್ಟು ನದಿಯ ವರ್ಷದ ಕ್ರಮದಲ್ಲಿ ಬರೆಯಿರಿ: ನೀರೇರುವಾಗ ಏನು ಮಾಡುವಿರಿ, ಇಳಿದ ಮೇಲೆ ಏನು, ಕೊಯ್ಲಿನ ಹೊತ್ತಿಗೆ ಕಣಜದಲ್ಲಿ ಎಷ್ಟು ಉಳಿದಿರಬೇಕು, ಉಳಿಯದಿದ್ದರೆ ಯಾವ ಕೆಲಸ ನಿಲ್ಲಿಸುವಿರಿ. ಪ್ರವಾಹದ ದೇವರಾದ ಒಸಿರಿಸ್‌ನ ಗುಡಿಗಳನ್ನು ಕಡೆಗಣಿಸಿದರೆ ಪ್ರವಾಹವೇ ಕೆಡಬಹುದೆಂಬುದನ್ನೂ ಇಲ್ಲಿಯೇ ಸೇರಿಸಿ.

ಯೋಜನೆ ಎಂದ ಮೇಲೆ ಕೆಟ್ಟಾಗ ಏನು ಎಂಬುದೂ ಅದರಲ್ಲಿರಬೇಕು. ಎರಡು ವರ್ಷ ಸತತವಾಗಿ ಸುಗ್ಗಿ ಸೋತರೆ ಧಾನ್ಯ ಕೊಳ್ಳಲು ನಿಮಗೆ ನೀವು ಅನುಮತಿ ಕೊಡುವಿರೋ, ಅಥವಾ ಸವಾಲು ಸೋತಿತೆಂದು ಅಲ್ಲಿಗೇ ನಿಲ್ಲಿಸುವಿರೋ? ಮೊದಲೇ ಬರೆದಿಡದಿದ್ದರೆ ನಡುವೆ ಮಾಡಿಕೊಂಡ ರಿಯಾಯಿತಿಯನ್ನು ಓದುಗರು ನಂಬುವುದಿಲ್ಲ. ಈಜಿಪ್ಟಿನ ದಹಶೂರಿನಲ್ಲಿ ದೊರೆ ಸ್ನೆಫೆರುವಿನ ಬಾಗಿದ ಪಿರಮಿಡ್ ಸುಮಾರು 54 ಡಿಗ್ರಿ ಇಳಿಜಾರಿನಲ್ಲಿ ಆರಂಭವಾಗಿ, ನಡುವೆ ಸುಮಾರು 43 ಡಿಗ್ರಿಗೆ ತಗ್ಗಿದೆ. ಆ ಬದಲಾವಣೆ ಇಂದಿಗೂ ಎಲ್ಲರ ಕಣ್ಣಿಗೆ ಬೀಳುವಂತಿದೆ. ನಿಮ್ಮ ನಿಯಮ ಬದಲಾದರೂ ಹೀಗೆ ತೆರೆದೇ ಕಾಣಲಿ.

ಇತಿಹಾಸದ ವಿಷಯದಲ್ಲಿ ನೀವು ಅವಸರ ಮಾಡಿದ್ದೀರಿ, ಇದನ್ನು ನಾನು ಸಣ್ಣ ದೋಷವೆಂದು ಬಿಡಲಾರೆ. ಪಿರಮಿಡ್ ಕಟ್ಟಿದವರು ಚಾಟಿಯೇಟಿನ ಗುಲಾಮರು ಎಂದು ಬರೆದಿದ್ದೀರಿ. ಸಿಕ್ಕಿರುವ ಕುರುಹುಗಳು ಹಾಗೆ ಹೇಳುವುದಿಲ್ಲ. ಗೀಜಾದ ಬಳಿ ಅಗೆದು ತೆಗೆದ ಕೆಲಸಗಾರರ ನೆಲೆಯಲ್ಲಿ ರೊಟ್ಟಿಯ ಬೇಕರಿಗಳೂ ರಾಶಿ ರಾಶಿ ದನಕುರಿಗಳ ಎಲುಬುಗಳೂ ಸಿಕ್ಕಿವೆ, ಅಲ್ಲಿಯೇ ಅವರ ಗೋರಿಗಳೂ ಇವೆ. ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್‌ನಲ್ಲಿ 2013ರಲ್ಲಿ ದೊರೆತ ಪಪೈರಸ್ ಬರಹಗಳು, ಗೀಜಾದ ಮಹಾ ಪಿರಮಿಡ್ ಕಟ್ಟಿಸಿದ ದೊರೆ ಖುಫುವಿನ ಕಾಲದಲ್ಲಿ ಮೆರೆರ್ ಎಂಬ ಅಧಿಕಾರಿಯ ತಂಡ ತೂರಾ ಎಂಬಲ್ಲಿನ ಗಣಿಯ ಸುಣ್ಣಕಲ್ಲನ್ನು ದೋಣಿಯಲ್ಲಿ ಸಾಗಿಸಿದ್ದನ್ನು ದಿನಚರಿಯಾಗಿ ದಾಖಲಿಸಿವೆ. ‘ಡೆಬೆನ್ ನಾಣ್ಯ’ ಎಂದದ್ದೂ ಸರಿಯಲ್ಲ. ಆಟದಲ್ಲಿ ಅದು ಹಣ. ಪಿರಮಿಡ್‌ಗಳ ಕಾಲದ ಈಜಿಪ್ಟಿನಲ್ಲಿ ನಾಣ್ಯವೇ ಇರಲಿಲ್ಲ, ಡೆಬೆನ್ ಒಂದು ತೂಕ, ಕೂಲಿ ಸಲ್ಲುತ್ತಿದ್ದುದು ಧಾನ್ಯ ಮತ್ತು ಬಿಯರ್ ರೂಪದಲ್ಲಿ. ಆಟ ಹೇಳುವುದು ಯಾವುದು, ಚರಿತ್ರೆ ಹೇಳುವುದು ಯಾವುದು ಎಂಬುದು ವಾಕ್ಯದಲ್ಲಿಯೇ ಬೇರೆಯಾಗಿರಲಿ.

ಕೊನೆಯ ಪುಟದಲ್ಲಿ, ಬಹುಶಃ ಸ್ಥಳ ತುಂಬಲೆಂದು, ನಿಮ್ಮ ಮನೆಯ ಎರೆಹೊಲದ ಮಾತು ಬಂದಿದೆ: ಮಳೆಯ ಹಸಿಯನ್ನು ಹಿಡಿದಿಟ್ಟುಕೊಂಡ ನೆಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತುತ್ತಾರೆ, ಆಮೇಲೆ ಮಳೆ ಇಲ್ಲದೆಯೂ ಅದು ಬೆಳೆಯುತ್ತದೆ ಎಂದು. ಇಥಿಯೋಪಿಯದ ಎತ್ತರದ ನೆಲದಲ್ಲಿ ಸುರಿದ ಮಳೆಯಿಂದ ನೈಲ್ ಉಕ್ಕಿ, ಬಯಲು ತೊಯ್ದು, ನೀರಿಳಿದ ಮೇಲೆ ಆ ಹಸಿಯಲ್ಲೇ ಗೋಧಿ, ಬಾರ್ಲಿ ಬಿತ್ತುತ್ತಿದ್ದ ಈಜಿಪ್ಟಿನ ರೈತನ ಲೆಕ್ಕವೂ ಇದೇ ಆಗಿತ್ತು. 1970ರಲ್ಲಿ ಆಸ್ವಾನ್ ಅಣೆಕಟ್ಟು ಮುಗಿಯುವ ಹೊತ್ತಿಗೆ ಆ ಪ್ರವಾಹ ನಿಂತುಹೋಯಿತು. ಗದಗ, ನವಲಗುಂದ, ನರಗುಂದದ ಓದುಗರಿಗೆ ಪ್ರವಾಹದ ಬಯಲನ್ನು ಅರ್ಥ ಮಾಡಿಸಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ. ಆ ಭಾಗವನ್ನು ಅಲ್ಲಿಂದ ತೆಗೆದು ವರ್ಕ್ ಕ್ಯಾಂಪ್‌ನ ವಿವರಣೆಗೆ ಮೊದಲು ಇಡಿ.

ನೀವು ಆಡುವುದು 1999ರ ಮೂಲ ಆಟವೋ 2023ರ ಹೊಸ ಆವೃತ್ತಿಯೋ, ಯಾವ ನಕ್ಷೆ, ಯಾವ ಕಠಿಣತೆಯ ಮಟ್ಟ ಎಂಬುದನ್ನು ಆರಂಭದಲ್ಲಿಯೇ ತಿಳಿಸಿ. ಉಳಿದ ಹನ್ನೆರಡು ನಿಯಮಗಳನ್ನು ಬಿಟ್ಟುಬಿಡಿ. ಎರಡಕ್ಕೂ ನೇರ ಸಂಬಂಧವಿರುವ ಮೂರನೆಯದೊಂದು ನಿಮಗೆ ಹೊಳೆದರೆ ಮಾತ್ರ ಸೇರಿಸಿ. ಹೊಸ ಪ್ರತಿಯ ಜೊತೆಗೆ ಸುತ್ತುರಸ್ತೆಯ ಬಡಾವಣೆಯ ಕೈನಕ್ಷೆಯೊಂದನ್ನು ಕಳಿಸಿದರೆ ಲೇಖನದೊಂದಿಗೆ ಅದನ್ನೂ ಅಚ್ಚು ಮಾಡುತ್ತೇವೆ.

ಇತಿ,
ಸಂಪಾದಕ, ಧಾರವಾಡ