ಬಾವಿಗೆ ಇಳಿದವರು ಯಾರು?

ಪ್ರಶ್ನೆ: ನನಗೀಗ 58 ವರ್ಷ. ಬಾಲ್ಯದಲ್ಲಿ ಚಿಕ್ಕಪ್ಪನ ಮಗಳು ಬಾವಿಗೆ ಬಿದ್ದಾಗ ನಾನೇ ಹಗ್ಗ ಹಿಡಿದು ಇಳಿದು ಅವಳನ್ನು ಮೇಲೆ ತಂದೆ ಎಂದು ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಮಕ್ಕಳು ಈ ಕಥೆ ಕೇಳುತ್ತಲೇ ಬೆಳೆದರು. ಹೇಳುವಾಗ ಒಂದಿಷ್ಟು ಉಪ್ಪುಖಾರ ಸೇರಿಸಿದ್ದುಂಟು. ಎದೆಮಟ್ಟದ ನೀರು ಆಳುದ್ದ ಆದದ್ದೂ ಉಂಟು. ಮೊನ್ನೆ ಮನೆಮಂದಿಯೆಲ್ಲ ಸೇರಿದ್ದಾಗ ಅಣ್ಣ ಕೈಯಲ್ಲಿದ್ದ ಲೋಟವನ್ನು ತಿರುಗಿಸುತ್ತಾ, "ಬಾವಿಗಿಳಿದವನು ನಾನಲ್ಲವೇನೋ?" ಎಂದು ಮೆಲ್ಲಗೆ ಕೇಳಿ, ಮರುಕ್ಷಣವೇ "ಇರಲಿ ಬಿಡು" ಎಂದುಬಿಟ್ಟರು. ಹಗ್ಗ ಜಾರಿ ಅಂಗೈ ಸುಲಿದದ್ದು ನನಗೆ ಇಂದಿಗೂ ನೆನಪಿದೆ. ನಾನು ಸುಳ್ಳುಗಾರನೇ?

ಉತ್ತರ: ಅಲ್ಲ ಎಂದೇ ನನ್ನ ಅಭಿಪ್ರಾಯ. ಸುಳ್ಳು ಹೇಳುವವರಿಗೆ ನಿಜ ಯಾವುದೆಂದು ಗೊತ್ತಿರುತ್ತದೆ. ನಿಮಗೆ ಅದೇ ತಿಳಿಯದೆ ನಿದ್ದೆ ಕೆಟ್ಟಿದೆ. ಒಂದೇ ಮನೆಯಲ್ಲಿ ಬೆಳೆದವರ ನಡುವೆ ನೆನಪುಗಳು ಹೀಗೆ ಕೈ ಬದಲಾಯಿಸುವುದು ಅಪರೂಪವೇನಲ್ಲ. ಅವಳಿಗಳನ್ನು ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದೇ ಘಟನೆಯನ್ನು ಇಬ್ಬರೂ "ಅದು ನಡೆದದ್ದು ನನಗೆ" ಎಂದು ಪ್ರಾಮಾಣಿಕವಾಗಿ ನಂಬಿದ್ದ ಉದಾಹರಣೆಗಳು ಸಿಕ್ಕಿವೆ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕ್ಕಂದಿನಲ್ಲಿ ಅಂಗಡಿ ಸಂಕೀರ್ಣದಲ್ಲಿ ತಪ್ಪಿಸಿಕೊಂಡಿದ್ದಿರಿ ಎಂಬ ಕಟ್ಟುಕಥೆಯನ್ನು 24 ಮಂದಿಗೆ ನಿಜವೆಂಬಂತೆ ಹೇಳಿದಾಗ, ಸುಮಾರು ಕಾಲುಭಾಗದಷ್ಟು ಜನ ಅದನ್ನು ಪೂರ್ತಿಯಾಗಿಯೋ ಅರೆಬರೆಯಾಗಿಯೋ "ನೆನಪಿಸಿಕೊಂಡರು". ಆದ್ದರಿಂದ ನೆನಪು ಎಷ್ಟೇ ಸ್ಪಷ್ಟವಾಗಿದ್ದರೂ ಅದನ್ನೇ ಸಾಕ್ಷಿಯೆಂದು ಹಿಡಿಯಲಾಗದು.

ಆದರೂ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಸುಲಿದ ಅಂಗೈ. ಹಗ್ಗ ಹಿಡಿದು ಇಳಿಯುವವರ ಕೈ ಸುಲಿಯುವಂತೆಯೇ, ಕಟ್ಟೆಯ ಮೇಲೆ ನಿಂತು ಇನ್ನೊಬ್ಬರ ಭಾರವನ್ನು ತಡೆದು ಹಿಡಿದವರ ಕೈಯೂ ಸುಲಿಯುತ್ತದೆ. ಅಣ್ಣ ಕೆಳಗೆ, ನೀವು ಮೇಲೆ ಇದ್ದಿರಬಹುದಲ್ಲವೇ? ಹಾಗಿದ್ದರೆ ನಿಮ್ಮ ಗಾಯವೂ ನಿಜ, ಅಣ್ಣನ ಮಾತೂ ನಿಜ. ಇದು ನನ್ನ ಊಹೆ ಮಾತ್ರ.

ನೀರನ್ನು ಆಳುದ್ದ ಮಾಡಿದ್ದಕ್ಕೆ ನೀವು ಕೊರಗಬೇಕಾಗಿಲ್ಲ. ಕಥೆಗೆ ರೆಕ್ಕೆಪುಕ್ಕ ಕಟ್ಟುತ್ತಿದ್ದೀರಿ ಎಂಬುದು ಕೇಳುವವರಿಗೂ ಗೊತ್ತಿರುತ್ತದೆ, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಬಾವಿಗೆ ಇಳಿದವರ ಹೆಸರು ಬದಲಾಗುವುದು ಬೇರೆಯೇ ಮಾತು. ನಿಮ್ಮ ಅಣ್ಣ ಇಷ್ಟು ವರ್ಷ ತಮ್ಮದೇ ಧೈರ್ಯದ ಕಥೆಯನ್ನು ಇನ್ನೊಬ್ಬರ ಬಾಯಿಂದ, ಇನ್ನೊಬ್ಬರ ಹೆಸರಿನಲ್ಲಿ ಕೇಳುತ್ತಾ ಸುಮ್ಮನೆ ಕುಳಿತಿದ್ದಿರಬಹುದು. ಅವರ "ಇರಲಿ ಬಿಡು" ಎಂಬ ಮಾತನ್ನು ಒಪ್ಪಿಗೆಯೆಂದು ದಯವಿಟ್ಟು ಭಾವಿಸಬೇಡಿ.

ನಿಮ್ಮ ತಂಗಿಯನ್ನು ಕೇಳಿ ತೀರ್ಮಾನಿಸುವ ಆಸೆ ನಿಮಗೆ ಬರಬಹುದು. ಸದ್ಯಕ್ಕೆ ಅದು ಬೇಡ, ಅವಳನ್ನು ಪಂಚಾಯಿತಿಗೆ ಕೂರಿಸಿದಂತಾದೀತು. ಮೊದಲು ಅಣ್ಣನ ಬಳಿಗೆ ಒಬ್ಬರೇ ಹೋಗಿ, "ಆ ದಿನ ಏನಾಯಿತೆಂದು ನೀನು ಹೇಳು, ನಾನು ಕೇಳುತ್ತೇನೆ" ಎನ್ನಿ. ನಡುವೆ ಬಾಯಿ ಹಾಕಬೇಡಿ. ಅವರ ಮಾತು ಸರಿಯೆನಿಸಿದರೆ, ಮಕ್ಕಳಿಗೆ ಅದನ್ನು ತಿಳಿಸಬೇಕಾದವರು ನೀವೇ. ಅದೂ ಅಣ್ಣನ ಎದುರಿನಲ್ಲೇ.

ಅವರು ಮತ್ತೆ ಮಾತು ತೇಲಿಸಿದರೆ ಎದ್ದು ಬರಬೇಡಿ. ಕಟ್ಟೆಯಿಂದ ನೀರಿಗೆ ಎಷ್ಟು ಆಳವಿತ್ತೆಂದು ಕೇಳಿ. ಕೆಳಗಿನಿಂದ ಕತ್ತೆತ್ತಿ ನೋಡಿದಾಗ ಮೇಲೆ ಹಗ್ಗ ಹಿಡಿದವರ ಮುಖ ಕಾಣುತ್ತಿತ್ತೇ ಎಂದು ಕೇಳಿ.