ಓದುಗರ ಪ್ರಶ್ನೆ, ಕಾನೂನಿನ ಉತ್ತರ: ಬಂಧಿತರನ್ನು ಯಾವ ದಾಖಲೆಯಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮ ತೋಟದ ಲೈನ್‌ಮನೆಯಲ್ಲಿರುವ ಯರವ ಬುಡಕಟ್ಟಿನ (ಪರಿಶಿಷ್ಟ ಪಂಗಡ) ಕುಟುಂಬದ ಯುವಕನೊಬ್ಬನನ್ನು ಕಳೆದ ತಿಂಗಳು ರಾತ್ರಿ ಜೀಪಿನಲ್ಲಿ ಬಂದವರು ಕರೆದೊಯ್ದರು. ಬಂದವರು ಯಾರೆಂಬುದು ಅವನ ತಾಯಿಗೆ ತಿಳಿಯಲಿಲ್ಲ. ಎರಡು ಠಾಣೆಗಳಲ್ಲಿ ವಿಚಾರಿಸಿದಾಗ ‘ಇಲ್ಲಿಲ್ಲ’ ಎಂದಷ್ಟೇ ಹೇಳಿದರು. ಅವನು ಮಡಿಕೇರಿಯ ಜೈಲಿನಲ್ಲಿದ್ದಾನೆಂದು ಗೊತ್ತಾದದ್ದು ಮೂರನೆಯ ದಿನ. ಅಮೆರಿಕದ ಸಣ್ಣ ಕೌಂಟಿಗಳಲ್ಲೂ (ನಮ್ಮ ಜಿಲ್ಲೆಗಳಂಥವು) ಜೈಲಿಗೆ ಬಂದವರ ಪಟ್ಟಿಯನ್ನು ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿಯವರು ಅಂತರ್ಜಾಲದಲ್ಲಿ ಪ್ರಕಟಿಸುತ್ತಾರೆಂದು ಅಲ್ಲಿರುವ ನನ್ನ ಮಗ ಹೇಳುತ್ತಾನೆ. ನಮ್ಮ ಜಿಲ್ಲೆಯಲ್ಲಿ ಅಂಥದ್ದೇನಾದರೂ ಇದೆಯೇ?
— ಕಾಫಿ ಬೆಳೆಗಾರರು, ವಿರಾಜಪೇಟೆ ತಾಲ್ಲೂಕು

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಅಲ್ಲಿನ ಬಹುತೇಕ ಕೌಂಟಿಗಳಲ್ಲಿ ಜೈಲು ಶೆರಿಫರ ಅಧೀನದಲ್ಲೇ ಇರುವುದರಿಂದ, ಒಳಗೆ ಬಂದವರ ಹೆಸರು, ದಿನಾಂಕ, ಆರೋಪ ಮತ್ತು ಜಾಮೀನಿನ ಮೊತ್ತ ಅನೇಕ ಕಡೆ ಒಂದೇ ಪಟ್ಟಿಯಲ್ಲಿ ಸಿಗುತ್ತವೆ. ನಮ್ಮಲ್ಲಿ ದಸ್ತಗಿರಿ ಮಾಡುವವರು ಪೊಲೀಸರು, ಬಂಧನದಲ್ಲಿಡಲು ಆದೇಶಿಸುವುದು ನ್ಯಾಯಾಲಯ, ಇರಿಸಿಕೊಳ್ಳುವುದು ಕಾರಾಗೃಹ ಇಲಾಖೆ. ದಾಖಲೆಯೂ ಹಾಗೆಯೇ ಮೂರು ಕಡೆ ಹಂಚಿಹೋಗಿದೆ. ಹಾಗೆಂದು ದಾಖಲೆಯೇ ಇಲ್ಲವೆಂದಲ್ಲ. ಆ ತಾಯಿಯನ್ನು ‘ಇಲ್ಲಿಲ್ಲ’ ಎಂಬ ಒಂದು ಮಾತಿನಲ್ಲಿ ಹಿಂದಕ್ಕೆ ಕಳುಹಿಸಿದ್ದು ತಪ್ಪು ಎಂದೇ ನಾನು ಹೇಳುತ್ತೇನೆ.

ಬಂಧನ, ತನಿಖೆ, ವಿಚಾರಣೆಯ ಕ್ರಮವನ್ನು ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮಿನಂತೆ, ಪ್ರತಿ ಜಿಲ್ಲೆಯಲ್ಲಿ ಪೊಲೀಸ್ ನಿಯಂತ್ರಣ ಕೊಠಡಿ ಇರಬೇಕು. ಪ್ರತಿ ಜಿಲ್ಲೆಯಲ್ಲೂ ಪ್ರತಿ ಠಾಣೆಯಲ್ಲೂ ಸಹಾಯಕ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಿ, ಬಂಧಿತರ ಹೆಸರು, ವಿಳಾಸ ಮತ್ತು ಅವರ ಮೇಲಿನ ಆರೋಪದ ಸ್ವರೂಪವನ್ನು ದಾಖಲಿಸಿಡುವ ಹೊಣೆಯನ್ನು ಅವರಿಗೆ ವಹಿಸಬೇಕು. ಈ ವಿವರ ಠಾಣೆಯಲ್ಲಿಯೂ ಜಿಲ್ಲಾ ಕೇಂದ್ರದಲ್ಲಿಯೂ ಎದ್ದುಕಾಣುವಂತೆ ಪ್ರದರ್ಶಿತವಾಗಿರಬೇಕು. ಬಂಧಿಸಿದ ಅಧಿಕಾರಿಯು ಬಂಧನವನ್ನೂ ಇರಿಸಿರುವ ಸ್ಥಳವನ್ನೂ ಬಂಧಿತನ ಬಂಧು ಅಥವಾ ಸ್ನೇಹಿತರಿಗೆ ಕೂಡಲೇ ತಿಳಿಸಬೇಕೆಂದೂ, ಯಾರಿಗೆ ತಿಳಿಸಲಾಯಿತು ಎಂಬುದನ್ನು ಠಾಣೆಯ ಪುಸ್ತಕದಲ್ಲಿ ನಮೂದಿಸಬೇಕೆಂದೂ 48ನೇ ಕಲಂ ಹೇಳುತ್ತದೆ. ಇವುಗಳ ಹಿಂದಿರುವುದು ಪೊಲೀಸ್ ವಶದಲ್ಲಿನ ಸಾವುಗಳ ಕುರಿತ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ನಿರ್ದೇಶನಗಳು.

ಆದ್ದರಿಂದ ಒಂದೊಂದೇ ಠಾಣೆಯನ್ನು ಅಲೆಯುವ ಬದಲು ಮೊದಲು ಮಡಿಕೇರಿಯ ಜಿಲ್ಲಾ ನಿಯಂತ್ರಣ ಕೊಠಡಿಯನ್ನು ವಿಚಾರಿಸಿರಿ. ಪ್ರಶ್ನೆ ‘ನಮ್ಮ ಹುಡುಗ ಅಲ್ಲಿದ್ದಾನೆಯೇ’ ಎಂಬಷ್ಟೇ ಆಗಿರಬಾರದು. ‘37ನೇ ಕಲಮಿನಡಿ ಇಡುವ ಬಂಧಿತರ ವಿವರದಲ್ಲಿ ಈ ಹೆಸರು ಇದೆಯೇ’ ಎಂದು ಕೇಳಿರಿ, ಅದನ್ನೇ ಕಾಗದದ ಮೇಲೆ ಬರೆದುಕೊಟ್ಟು, ಪ್ರತಿಯ ಮೇಲೆ ದಿನಾಂಕ ಮತ್ತು ಸಮಯದೊಡನೆ ಮೊಹರು ಹಾಕಿಸಿಕೊಳ್ಳಿರಿ. ಬಾಯಿಮಾತಿನ ವಿಚಾರಣೆಗೆ ಗುರುತು ಉಳಿಯುವುದಿಲ್ಲ, ಮೊಹರಿಗೆ ಉಳಿಯುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 7(1)ನೇ ಕಲಮಿನಂತೆ ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳಲ್ಲಿ ಕೊಡಬೇಕು. ಅರ್ಜಿಯಲ್ಲಿ ಈ ಕಲಮನ್ನು ಹೆಸರಿಸಿರಿ.

ರಾಜ್ಯ ಪೊಲೀಸರ ಜಾಲತಾಣದಲ್ಲಿ ಜಿಲ್ಲೆ, ಠಾಣೆ ಮತ್ತು ವರ್ಷವನ್ನು ಆರಿಸಿ ಎಫ್‌ಐಆರ್ ಹುಡುಕಬಹುದು. ಎಫ್‌ಐಆರ್‌ಗಳನ್ನು 24 ಗಂಟೆಗಳೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಭೌಗೋಳಿಕ ಕಾರಣದಿಂದ ಸಂಪರ್ಕ ಸಿಗದ ಕಡೆ ಮಾತ್ರ ಈ ಅವಧಿಯನ್ನು 72 ಗಂಟೆಗಳವರೆಗೆ ಹಿಗ್ಗಿಸಬಹುದು. ಆಟಿ ತಿಂಗಳ ಮಳೆಯಲ್ಲಿ ದಿನಗಟ್ಟಲೆ ಕರೆಂಟಾಗಲಿ ನೆಟ್‌ವರ್ಕಾಗಲಿ ಇಲ್ಲದೆ ಕಳೆಯುವ ನಮ್ಮ ಊರುಗಳಿಗೆ ಆ ವಿನಾಯಿತಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳ ಎಫ್‌ಐಆರ್ ಅಲ್ಲಿ ಸಿಗುವುದಿಲ್ಲ. ಎಫ್‌ಐಆರ್ ಎಂಬುದು ಬಂಧಿತರ ಪಟ್ಟಿಯಲ್ಲ ಎಂಬುದನ್ನೂ ನೆನಪಿಡಬೇಕು: ಅದರಲ್ಲಿ ಹೆಸರಿದ್ದೂ ಬಂಧನ ಆಗಿರದಿರಬಹುದು, ‘ಅಪರಿಚಿತ ಆರೋಪಿ’ ಎಂದು ಬರೆದ ಪ್ರಕರಣದಲ್ಲಿಯೇ ನಿಮ್ಮ ಹುಡುಗನ ಬಂಧನ ಆಗಿರಲೂಬಹುದು.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಜೀಪಿನಲ್ಲಿ ಬಂದವರೆಲ್ಲ ಪೊಲೀಸರಾಗಿರಬೇಕೆಂದಿಲ್ಲ. ಬೀಟೆ ಮರ, ಕಾಡುಪ್ರಾಣಿಯ ಮಾಂಸ ಮುಂತಾದ ಪ್ರಕರಣಗಳಲ್ಲಿ ಅರಣ್ಯ ಇಲಾಖೆಯವರಿಗೂ ಮದ್ಯದ ಪ್ರಕರಣಗಳಲ್ಲಿ ಅಬಕಾರಿಯವರಿಗೂ ಬಂಧಿಸುವ ಅಧಿಕಾರವಿದೆ. ಅವರು ದಾಖಲಿಸುವ ಮೊಕದ್ದಮೆ ಅವರ ಕಚೇರಿಯಲ್ಲೇ ಇರುತ್ತದೆ, ಪೊಲೀಸರ ಜಾಲತಾಣದಲ್ಲಿ ಎಷ್ಟು ಹುಡುಕಿದರೂ ಕಾಣುವುದಿಲ್ಲ. ಠಾಣೆಯವರು ‘ಇಲ್ಲಿಲ್ಲ’ ಎಂದದ್ದು ನಿಜವೂ ಆಗಿರುವ ಸಂದರ್ಭ ಇದು. ಆಗ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಕೇಳಬೇಕು. ಕುಟ್ಟದ ಗಡಿಯಾಚೆ ವಯನಾಡಿನಿಂದಲೋ ಹುಣಸೂರಿನ ಕಡೆಯಿಂದಲೋ ವಾರಂಟ್ ಹಿಡಿದು ಬಂದವರು ಕರೆದೊಯ್ದಿದ್ದರೂ, ಬಂಧಿತನು ಸಾಮಾನ್ಯವಾಗಿ ವಾಸಿಸುವ ಜಿಲ್ಲೆಯ ಗೊತ್ತುಪಡಿಸಿದ ಅಧಿಕಾರಿಗೆ ಆ ಮಾಹಿತಿ ತಲುಪಬೇಕೆಂದು ಸುರಕ್ಷಾ ಸಂಹಿತೆಯ 82ನೇ ಕಲಂ ಹೇಳುತ್ತದೆ.

ಯಾರೇ ಬಂಧಿಸಿರಲಿ, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಆದ್ದರಿಂದ ಎರಡನೆಯ ದಿನ ನೀವು ಹೋಗಬೇಕಾದದ್ದು ನ್ಯಾಯಾಲಯಕ್ಕೆ. ಅಲ್ಲಿಯೇ ಕಾನೂನು ಸೇವಾ ಪ್ರಾಧಿಕಾರವನ್ನೂ ಕಾಣಿರಿ: ಪರಿಶಿಷ್ಟ ಪಂಗಡದವರಿಗೂ ಬಂಧನದಲ್ಲಿರುವವರಿಗೂ ಆದಾಯವನ್ನು ಕೇಳದೆ ಉಚಿತ ವಕೀಲರನ್ನು ಕೊಡಲು 1987ರ ಕಾಯ್ದೆಯ 12ನೇ ಕಲಮಿನಲ್ಲಿ ಅವಕಾಶವಿದೆ, ಸಹಾಯವಾಣಿ 15100. ಎಲ್ಲಿಯೂ ಸುಳಿವು ಸಿಗದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಬಂಧಿತನನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವಂತೆ ಕೋರುವ ಅರ್ಜಿ) ಹಾಕಬಹುದು, ಮೊಹರು ಬಿದ್ದ ಆ ಕಾಗದ ಆಗ ಬಹಳ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಕಾಫಿ ಕೊಯ್ಲಿಗೆ ಹೊರರಾಜ್ಯದ ಕೆಲಸಗಾರರು ಬರುತ್ತಾರೆ. ಅವರಲ್ಲಿ ಯಾರಾದರೂ ಹಿಂದೆ ಬಂಧನಕ್ಕೆ ಒಳಗಾಗಿದ್ದಾರೆಯೇ ಎಂದು ನಾವೇ ನೋಡಿಕೊಳ್ಳಬಹುದೇ?
— ಓದುಗರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಹೆಸರು ಕೊಟ್ಟರೆ ಬಂಧನದ ಚರಿತ್ರೆಯನ್ನೆಲ್ಲ ತೋರಿಸುವ ಸಾರ್ವಜನಿಕ ದಾಖಲೆ ನಮ್ಮಲ್ಲಿಲ್ಲ, ಇರಬೇಕೆಂದು ನಾನು ಬಯಸುವುದೂ ಇಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರಿನಿಂದ ಮೊಕದ್ದಮೆ ಹುಡುಕಬಹುದಾದರೂ ಒಂದೇ ಹೆಸರಿನ ಹತ್ತು ಜನ ಅಲ್ಲಿ ಸಿಗುತ್ತಾರೆ. ತಂದೆಯ ಹೆಸರು ಮತ್ತು ವಿಳಾಸ ತಾಳೆಯಾಗದೆ ಯಾರನ್ನೂ ಗುರುತಿಸಬೇಡಿರಿ. ಸರಿಯಾದ ದಾರಿ ಪೊಲೀಸ್ ಪರಿಶೀಲನೆ, ಅದೂ ಕೆಲಸಗಾರನಿಗೆ ತಿಳಿಸಿ. ಬಂಧನವೆಂದರೆ ಅನುಮಾನ ಅಥವಾ ಆರೋಪ ಮಾತ್ರ. ಶಿಕ್ಷೆ ಆಯಿತೋ ಬಿಡುಗಡೆ ಆಯಿತೋ ಎಂಬುದನ್ನು ಹೇಳುವುದು ತೀರ್ಪು.

ಠಾಣೆಯ ಫಲಕದಲ್ಲಿ ಕಂಡ ಹೆಸರನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಅಭ್ಯಾಸವೂ ಈಚೆಗೆ ಬೆಳೆದಿದೆ. ಆ ವ್ಯಕ್ತಿ 18 ವರ್ಷದೊಳಗಿನವನಾಗಿದ್ದರೆ ಅವನ ಗುರುತನ್ನು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ವಿಧಿಸಬಹುದಾದ ಅಪರಾಧ.